ನಾಯಿಗೂ ಬಹುವಚನ

ಬೊಗೋಟಾದ ಆ ಕಣ್ಣಾಸ್ಪತ್ರೆಯಲ್ಲಿ ರೋಗಿಗಳ ಹೆಸರು ಬರೆದುಕೊಳ್ಳುವ ಕೆಲಸಕ್ಕೆ ನಾನು ಸೇರಿ ಅಂದಿಗೆ ಮೂರು ತಿಂಗಳು. ಸಂಜೆಯೊಳಗೆ ಮೇಲ್ವಿಚಾರಕಿ ಹಿಮೆನಾ ಸಹಿ ಹಾಕಿದರೆ ಕೆಲಸ ಕಾಯಂ, ಇಲ್ಲದಿದ್ದರೆ ಬೋಯಾಕಾದ ಬಸ್ಸು ಹಿಡಿದು ವಾಪಸು ಊರಿಗೆ. ಅವಳು ಈಗಾಗಲೇ ಎರಡು ಸಲ ಎಚ್ಚರಿಸಿದ್ದಳು.

"ಯಮಿಲೆ, ರೋಗಿಗಳನ್ನ ಸ್ನೇಹಿತರ ಥರ ನೀನು ಅಂತ ಮಾತಾಡಿಸಬೇಕು. ನಿನ್ನ ಆ 'ಸುಮೆರ್ಸೆ'ನ ಆಲೂಗಡ್ಡೆ ಹೊಲದಲ್ಲೇ ಬಿಟ್ಟು ಬಾ. ಆ ಬುಸುಗುಟ್ಟೋ ರಕಾರಾನೂ ಅಷ್ಟೇ."

ಅಂದಿನಿಂದ ಪ್ರತಿ ಮಾತನ್ನೂ ಒಳಗೇ ಒಮ್ಮೆ ಆಡಿ ನೋಡಿ ಆಮೇಲೆ ಬಾಯಿ ತೆರೆಯುತ್ತಿದ್ದೆ. ನಮ್ಮ ಬೆಟ್ಟದೂರುಗಳಲ್ಲಿ ನೀನು ಅನ್ನುವವರು ಜಂಬಗಾರರು, ಇಲ್ಲವೇ ಹುಡುಗಿಯರ ಹಿಂದೆ ಬಿದ್ದವರು. ಸುಮೆರ್ಸೆ ಅಂದರೆ ನಮ್ಮ ಕಡೆಯ 'ತಾವು'. ಅಪ್ಪ ಅಮ್ಮನನ್ನು ಕರೆಯುವುದೂ ಸುಮೆರ್ಸೆ, ಅಮ್ಮ ನಮ್ಮನ್ನು ಕರೆಯುವುದೂ ಸುಮೆರ್ಸೆ. ನಾಯಿಯನ್ನು ಗದರಿಸುವಾಗಲೂ "ನೀವು ಆಚೆ ನಡೀರಿ" ಎಂದೇ.

ಬೆಳಿಗ್ಗೆ ದೋನ್ ಕ್ರಿಸಾಂತೋ ಬಂದರು. ವಯಸ್ಸು ಎಪ್ಪತ್ತೆಂಟು, ಮೈಮೇಲೆ ನಮ್ಮ ಬೆಟ್ಟದವರ ದಪ್ಪ ಉಣ್ಣೆಯ ಹೊದಿಕೆ, ಎರಡೂ ಕಣ್ಣಿಗೆ ಪೊರೆ. ಒಂದು ಕಣ್ಣಿಗೆ ಅಂದು ಶಸ್ತ್ರಕ್ರಿಯೆ. ಹಿಮೆನಾ ಅವರ ಹೆಗಲ ಮೇಲೆ ಕೈಯಿಟ್ಟಳು.

"ಹೇಗಿದ್ದೀಯಾ ಕ್ರಿಸಾಂತೋ? ಭಯಾನಾ? ಇಲ್ಲೊಂದು ಸಹಿ ಹಾಕಿಬಿಡು, ಬಂಗಾರ."

ಅವರು ಟೊಪ್ಪಿ ಹಾಕಿಕೊಂಡು ಎದ್ದೇಬಿಟ್ಟರು.

"ಎಲ್ಲಿಗೆ?" ಹಿಮೆನಾ ಕೇಳಿದಳು.

"ಮನೆಗೆ. ಐವತ್ತು ವರ್ಷ ಸಂಸಾರ ಮಾಡಿದೋಳು ಒಂದಿನಾನೂ ನನ್ನ ನೀನು ಅಂದಿಲ್ಲ. ಇವರು ಕಣ್ಣಿಗೆ ಚಾಕು ಹಾಕೋ ಮುಂಚೇನೇ ಇಷ್ಟು ಸಲಿಗೆ. ಹಾಕಿದ ಮೇಲೆ ಇನ್ನೇನಂತಾರೋ!"

ಗೋಡೆ ಸವರುತ್ತ ಬಾಗಿಲ ಕಡೆ ಹೊರಟರು. ಹಿಮೆನಾ ನಕ್ಕಳು. "ಬಿಡು, ಮುನಿಸು ಇಳಿದ್ಮೇಲೆ ಬರ್ತಾನೆ."

ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ನಮ್ಮವರು ಕುರುಡಾಗಿಯಾದರೂ ಬದುಕುತ್ತಾರೆ, ಇಂಥ ಬಾಗಿಲನ್ನು ಮತ್ತೆ ತುಳಿಯುವುದಿಲ್ಲ. ಈ ಸಲ ಮಾತನ್ನು ಒಳಗೆ ಆಡಿ ನೋಡಲಿಲ್ಲ.

"ದೋನ್ ಕ್ರಿಸಾಂತೋ! ಸುಮೆರ್ಸೆ, ಒಂದ್ನಿಮಿಷ ನಿಲ್ಲಿ!" ಇಡೀ ಹಜಾರಕ್ಕೆ ಕೇಳುವಂತೆ ಕೂಗಿದೆ.

ಅವರು ದನಿ ಬಂದ ಕಡೆ ತಿರುಗಿದರು. "ಯಾವೂರಾಯ್ತು ಮಗಳೇ, ಸುಮೆರ್ಸೆದು?"

"ತೋಕಾ ದಾಟಿ ಮೇಲೆ."

"ಹಂಗನ್ನಿ ಮತ್ತೆ! ಈ ಫ್ರಿಜ್ಜಿನೊಳಗೆ ಒಬ್ಬರು ಮನುಷ್ಯರಾದ್ರೂ ಸಿಕ್ಕಿದ್ರಲ್ಲ. ನಾಳೆ ಪಟ್ಟಿ ಬಿಚ್ಚೋವಾಗ ಸುಮೆರ್ಸೆ ಇರ್ತೀರಾ?"

"ಇರ್ತೀನಿ."

ಅವರು ನನ್ನ ತೋಳು ಹಿಡಿದು ವಾಪಸು ಬಂದರು. ಸಹಿ ಹಾಕಿದರು. ಶಸ್ತ್ರಕ್ರಿಯೆ ಚೆನ್ನಾಗಿಯೇ ಆಯಿತು.

ನಾಲ್ಕು ಗಂಟೆಗೆ ಹಿಮೆನಾ ಕರೆಸಿದಳು. ಮೇಜಿನ ಮೇಲೆ ಎರಡು ಕಾಗದ. ಒಂದು ನನ್ನ ಕಾಯಂ ಪತ್ರ. ಇನ್ನೊಂದರಲ್ಲಿ, ಇಂದು ನನ್ನಿಂದ ತಪ್ಪಾಗಿದೆ, ಆಸ್ಪತ್ರೆಯ ಮಾತಿನ ಕ್ರಮವನ್ನು ಇನ್ನು ಮೀರುವುದಿಲ್ಲ ಎಂದು ಬರೆದಿತ್ತು.

"ಮೊದಲು ನಿನ್ನ ಸಹಿ. ಆಮೇಲೆ ನಂದು."

ಎರಡು ಸಲ ಓದಿದೆ. ಪೆನ್ನು ಕೆಳಗಿಟ್ಟೆ.

"ಹಾಕಲ್ಲ ಮೇಡಂ."

"ಏನಂದೆ?"

"ಒಬ್ಬರ ಕಣ್ಣು ಉಳೀತು. ಅದನ್ನ ತಪ್ಪು ಅಂತ ನಾನು ಬರ್ಕೊಡಲ್ಲ."

"ಹಾಗಾದ್ರೆ ನಾಳೆ ಬರಬೇಡ."

ರಕಾರಗಳು ಊರಿನವೇ ಬಂದವು, ನಾನು ತಡೆಯಲಿಲ್ಲ.

"ನಾಳೆ ಎಂಟಕ್ಕೆ ದೋನ್ ಕ್ರಿಸಾಂತೋ ಅವರ ಪಟ್ಟಿ ಬಿಚ್ತಾರೆ, ಬಂದೇ ಬರ್ತೀನಿ. ಮೇಜಿನ ಹಿಂದೆ ಜಾಗ ಇಲ್ದಿದ್ರೆ ರೋಗಿಗಳ ಬೆಂಚಿನ ಮೇಲೆ ಕೂತಿರ್ತೀನಿ. ಅಲ್ಲಿ ಕೂರೋಕೆ ನಿಮ್ಮ ಸಹಿ ಬೇಕಾಗಲ್ಲ."