ದಾಂಡೇಲಿಗೆ ಹೋದ ಪಾರ್ಟಿ ಬಸ್ಸು

ತಾರಿಹಾಳದ ಆ ಸಣ್ಣ ಕಾರ್ಖಾನೆಯಲ್ಲಿ ನೀರೆತ್ತುವ ಮೋಟರುಗಳಿಗೆ ತಾಮ್ರದ ತಂತಿ ಸುತ್ತುತ್ತಿದ್ದರು. ಸುತ್ತುವವರು ಇಪ್ಪತ್ತೆರಡು ಮಂದಿ, ಎಲ್ಲರೂ ಹೆಂಗಸರು. ಅವರ ಮೇಲ್ವಿಚಾರಕಿ ಪ್ರಭಾವತಿ. ಕಾರ್ಖಾನೆ ಶುರುವಾದ ವರ್ಷವೇ ಕೆಲಸಕ್ಕೆ ಸೇರಿದ್ದಳು. ಈಗ ಅವಳಿಗೆ ಐವತ್ತೊಂದು. ಕೇಶ್ವಾಪುರದಲ್ಲಿ ಅಕ್ಕನ ಜೊತೆ ಇದ್ದಳು.

ಕಾರ್ಖಾನೆ ಕಟ್ಟಿದ ಶಾಂತಯ್ಯನವರು ತೀರಿಕೊಂಡು ಎರಡು ವರ್ಷವಾಗಿತ್ತು. ಈಗ ಅವರ ಮಗ ರೋಹಿತ ಮಾಲೀಕ. ಒಂದು ಸೋಮವಾರ ಅವನು ಪ್ರಭಾವತಿಯನ್ನು ಒಳಗೆ ಕರೆದ.

"ಅಕ್ಕಾರ, ನಮ್ಮ ಕಂಪನಿಗೆ ಇಪ್ಪತ್ತೈದು ವರ್ಷ ತುಂಬಿದ್ವು. ಎಲ್ಲಾರನ್ನೂ ದಾಂಡೇಲಿಗೆ ಕಳಸೂಣಂತ ಮಾಡೇನಿ. ಸಾದಾ ಬಸ್ ಬ್ಯಾಡ, ಪಾರ್ಟಿ ಬಸ್ ಹೇಳ್ರಿ. ಈ ಶನಿವಾರ."

"ಶನಿವಾರ ಕೆಲಸ ಇರ್ತೈತೆಲ್ರಿ?"

"ಒಂದಿನ ಬಿಡ್ರಿ. ಮರುದಿನ ಹೆಂಗೂ ರವಿವಾರ."

ಪ್ರಭಾವತಿ ಅವತ್ತೇ ಸಂಜೆ ಗೋಕುಲ ರಸ್ತೆಗೆ ಹೋಗಿ ಹುಲಗಪ್ಪನ ಬಸ್ಸು ನೋಡಿಬಂದಳು. ಹಳೇ ಬಸ್ಸು, ಹೊಸ ವೇಷ. ಒಳಗೆ ಸೀಟುಗಳಿರಲಿಲ್ಲ. ಎರಡೂ ಬದಿಗೆ ಉದ್ದಕ್ಕೆ ಕೆಂಪು ಸೋಫಾ, ನಡುವೆ ಒಂದು ಕಂಬ, ಸುತ್ತ ಕುಣಿಯಲು ಜಾಗ, ತಲೆಯ ಮೇಲೆ ನೀಲಿ ಗುಲಾಬಿ ದೀಪಗಳು. ಬಸ್ಸಿನ ಮಾಲೀಕನೂ ಡ್ರೈವರನೂ ಹುಲಗಪ್ಪನೇ.

"ಏನ್ ಫಂಕ್ಷನ್ರಿ, ಬರ್ತಡೇ?" ಎಂದು ಕೇಳಿದ.

"ಇಲ್ರಿ. ನಮ್ಮ ಕಾರ್ಖಾನಿಗೆ ಇಪ್ಪತ್ತೈದು ವರ್ಷ ಆತು."

"ಮದಿವಿಗೆ ಬಿಟ್ಟೇನಿ, ಬಸರೇರ ಕುಬಸಕ್ಕೂ ಬಿಟ್ಟೇನಿ. ಕಾರ್ಖಾನಿಗೆ ಇದ ಮೊದಲ ನೋಡ್ರಿ," ಎಂದು ಅವನು ನಕ್ಕ.

ಶನಿವಾರ ಎಂಟೂವರೆಗೆ ಎಲ್ಲರೂ ಗೇಟಿನ ಹತ್ತಿರ ಸೇರಬೇಕೆಂದು ಮಾತಾಗಿತ್ತು. ಔಷಧದ ಡಬ್ಬಿ ತೆಗೆದುಕೊಳ್ಳಬೇಕೆಂದು ಪ್ರಭಾವತಿ ಏಳಕ್ಕೇ ಬಂದಳು. ಪಕ್ಕದ ಖಾಲಿ ಜಾಗದಲ್ಲಿ ಎರಡು ಲಾರಿ, ಒಂದು ಕ್ರೇನ್ ನಿಂತಿದ್ದವು. ಕಾವಲುಗಾರ ಗಿರಿಯಪ್ಪ ಅವಳನ್ನು ನೋಡಿ ಬೀಡಿ ಕೆಳಗೆ ಹಾಕಿದ.

"ಇವು ಯಾರವು ಗಿರಿಯಪ್ಪಾ?"

"ನಿಮಗ ಹೇಳಿಲ್ಲೇನ್ರಿ? ಮಷಿನ್ ಎಲ್ಲಾ ಪುಣೆ ಕಡೆ ಹೊಂಟಾವ. ಇವತ್ತ ಅರ್ಧ, ನಾಳೆ ಅರ್ಧ. ನಿಮ್ಮ ಬಸ್ ಹೋದ ಮ್ಯಾಲೆ ಒಳಗ ಬರ್ರಿ ಅಂತ ಅವರಿಗೆ ಹೇಳ್ಯಾರ. ಸೋಮವಾರ ಬಾಗಲಾ ತಗಿಯೂದಿಲ್ಲಂತ."

ಪ್ರಭಾವತಿ ಅಲ್ಲೇ ನಿಂತು ರೋಹಿತನಿಗೆ ಫೋನ್ ಮಾಡಿದಳು. ಅವನು ಎರಡನೆಯ ರಿಂಗಿಗೇ ಎತ್ತಿದ.

"ಸೋಮವಾರ ನಾನ ಎಲ್ಲಾರನ್ನೂ ಕರದು ಹೇಳಾಂವ ಇದ್ದೆ ಅಕ್ಕಾರ. ಕೊಡೂದೆಲ್ಲಾ ಕೊಡ್ತೇನಿ, ಯಾರಿಗೂ ಮೋಸ ಮಾಡೂದಿಲ್ಲ. ಇವತ್ತೊಂದಿನ ಅವರು ಖುಷಿಲೆ ಇರ್ಲಿ. ನೀವು ಯಾರ ಮುಂದೂ ಏನೂ ಅನಬ್ಯಾಡ್ರಿ. ಆತಿಲ್ರಿ?"

"ಆತು," ಎಂದಳು ಪ್ರಭಾವತಿ.

ಯಾಕೆ ಹಾಗಂದೆ ಎಂದು ಅವಳಿಗೆ ಆಗಲೂ ತಿಳಿಯಲಿಲ್ಲ, ಆಮೇಲೂ ತಿಳಿಯಲಿಲ್ಲ. ಸಿಟ್ಟು ಬರಬಹುದೆಂದು ಸ್ವಲ್ಪ ಹೊತ್ತು ಕಾದಳು. ಬರಲಿಲ್ಲ. ಅಳುವೂ ಬರಲಿಲ್ಲ. ಒಳಗೆ ಹೋಗಿ ಡಬ್ಬಿಯಲ್ಲಿ ವಾಂತಿ ಗುಳಿಗೆ ಇವೆಯೇ ಎಂದು ನೋಡಿದಳು. ಇದ್ದವು. ಡಬ್ಬಿ ಮುಚ್ಚಿ ಹೊರಗೆ ಬಂದಳು.

ಬಸ್ಸು ಹಾಡು ಹಚ್ಚಿಕೊಂಡೇ ಬಂತು. ಎಲ್ಲರಿಗಿಂತ ಸಣ್ಣವಳಾದ ಆರ್ಜೂ ಮೊದಲು ಹತ್ತಿದಳು. ಕೆಲವರು ಹೊಸ ಸೀರೆ ಉಟ್ಟಿದ್ದರು. ಗುಲ್ಜಾರಬಿ ಎಲ್ಲರಿಗಿಂತ ಹಿಂದೆ, ಮೊಣಕಾಲು ಹಿಡಿದುಕೊಂಡು ಹತ್ತಿದಳು. ಅವಳು ಮತ್ತು ಪ್ರಭಾವತಿ ಒಂದೇ ತಿಂಗಳು ಕೆಲಸಕ್ಕೆ ಸೇರಿದವರು. ಇಪ್ಪತ್ತೈದು ವರ್ಷ ಒಬ್ಬರ ಊಟದ ಡಬ್ಬಿ ಇನ್ನೊಬ್ಬರು ಉಂಡವರು.

"ಇದೇನ ಪ್ರಭಾ, ಬಸ್ಸೋ ಮದಿವಿ ಮಂಟಪೋ!" ಎಂದು ಗುಲ್ಜಾರಬಿ ಬುರ್ಖಾ ಮಡಚಿ ಚೀಲದಲ್ಲಿಟ್ಟಳು.

ಧಾರವಾಡ ದಾಟುವಷ್ಟರಲ್ಲಿ ಅರ್ಧ ಬಸ್ಸು ಎದ್ದು ಕುಣಿಯುತ್ತಿತ್ತು. ಹಳಿಯಾಳ ಬರುವ ಹೊತ್ತಿಗೆ ಗುಲ್ಜಾರಬಿಯೂ ಎದ್ದಳು. ಎರಡು ಕೈಯಲ್ಲೂ ದುಪಟ್ಟಾ ಹಿಡಿದು, ಮೊಣಕಾಲು ಮರೆತು, ನಡುವಿನ ಕಂಬದ ಸುತ್ತ ತಿರುಗಿದಳು. ಎಲ್ಲರೂ ಸಿಳ್ಳು ಹಾಕಿದರು. ಅವಳು ಬಂದು ಪ್ರಭಾವತಿಯ ಕೈ ಹಿಡಿದು ಎಳೆದಳು. ಪ್ರಭಾವತಿ ಎದ್ದಳು. ಗುಲ್ಜಾರಬಿ ಹಿಡಿದ ಕೈ ಮೇಲೆ ಹೋಯಿತು, ಕೆಳಗೆ ಬಂತು. ಕಾಲು ಅತ್ತ ಇಟ್ಟಳು, ಇತ್ತ ಇಟ್ಟಳು. ಹಾಡು ಮುಗಿದಾಗ ಕುಳಿತಳು.

ದಾಂಡೇಲಿಯಲ್ಲಿ ಕಾಳಿ ನದಿಯ ದಂಡೆಗೆ ಬಸ್ಸು ನಿಲ್ಲಿಸಿದರು. ಕಟ್ಟಿಕೊಂಡು ಬಂದ ಚಪಾತಿ, ಪುಲಾವು, ಮಿರ್ಚಿ ತೆಗೆದು ಎಲ್ಲರೂ ಉಂಡರು. ಹುಡುಗಿಯರು ಸೀರೆ ಎತ್ತಿಕಟ್ಟಿ ನೀರಿಗಿಳಿದರು. ಗುಲ್ಜಾರಬಿ ಮತ್ತು ಪ್ರಭಾವತಿ ಒಂದು ಬಂಡೆಯ ಮೇಲೆ ಕುಳಿತು ನೀರಿನಲ್ಲಿ ಕಾಲು ಬಿಟ್ಟರು. ನೀರು ತಣ್ಣಗಿತ್ತೋ ಇಲ್ಲವೋ ಪ್ರಭಾವತಿಗೆ ತಿಳಿಯಲಿಲ್ಲ.

"ಸೋಮವಾರದಿಂದ ನನ್ನ ಮಷಿನ್ ಕಿಡಕಿ ಬಾಜೂಕ ಹಾಕಸ," ಎಂದಳು ಗುಲ್ಜಾರಬಿ. "ಈಗ ಇದ್ದಲ್ಲಿ ಬೆಳಕು ಸಾಲೂದಿಲ್ಲ. ತಂತಿ ಕಾಣಸೂದಿಲ್ಲ ನನಗ."

"ಮಷಿನ್ ಇಲ್ಲ ಗುಲ್ಜಾರ."

"ಅಂದ್ರ?"

"ಇವತ್ತ ಲಾರಿಗೆ ಏರಸಾಕತ್ತಾರ. ಪುಣೆಗೆ ಒಯ್ತಾರಂತ. ಸೋಮವಾರ ಬಾಗಲಾ ತಗಿಯೂದಿಲ್ಲ."

ಗುಲ್ಜಾರಬಿ ನೀರಿನಿಂದ ಕಾಲು ಮೇಲೆ ತೆಗೆದಳು. "ನಿನಗ ಯಾವಾಗ ಗೊತ್ತಾತು?"

"ಮುಂಜಾನೆ ಏಳಕ್ಕ."

ಗುಲ್ಜಾರಬಿ ಚಪ್ಪಲಿ ಮೆಟ್ಟಿಕೊಂಡಳು. ಆಮೇಲೆ, "ಎದ್ದು ಅವರಿಗೂ ಹೇಳ ಹೋಗು," ಎಂದಳು.

ಪ್ರಭಾವತಿ ಎದ್ದು ಹೋಗಿ ಹೇಳಿದಳು. ಮಷಿನ್ ಹೋಗುತ್ತಿವೆ ಎಂದು ಮಾತ್ರ ಹೇಳಿದಳು. ತನಗೆ ಯಾವಾಗ ತಿಳಿಯಿತು ಎಂದು ಹೇಳಲಿಲ್ಲ. ಒಬ್ಬಿಬ್ಬರು ಅತ್ತರು. ಆರ್ಜೂ ಒದ್ದೆ ಕಾಲಲ್ಲೇ ಬಸ್ಸಿನತ್ತ ಓಡಿ, "ಕಾಕಾ, ಗಾಡಿ ತಿರುಗಸ್ರಿ. ಲಗೂ ಹೋಗೂಣು," ಎಂದಳು.

ಹುಲಗಪ್ಪ ವಿಷಯ ಕೇಳಿ ಹಾಡು ಬಂದ್ ಮಾಡಿದ. ಬಸ್ಸು ಹೊರಟಾಗ ದೀಪಗಳು ಮತ್ತೆ ಹತ್ತಿದವು. "ಲೈಟ್ ಬಂದ್ ಆಗೂದಿಲ್ರಿ. ಇಂಜಿನ್ ಚಾಲೂ ಆದ್ರ ಅವೂ ಹತ್ತತಾವ. ವೈರಿಂಗ್ ಹಂಗ ಮಾಡ್ಯಾರ," ಎಂದು ತಪ್ಪು ಮಾಡಿದವನಂತೆ ಹೇಳಿದ. ದಾರಿಯುದ್ದಕ್ಕೂ ಅವು ನೀಲಿಯಾಗಿ ಗುಲಾಬಿಯಾಗಿ ತಿರುಗುತ್ತಲೇ ಇದ್ದವು. ಸೋಫಾಗಳು ಎದುರುಬದುರಾಗಿದ್ದುದರಿಂದ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತ ಕುಳಿತುಕೊಳ್ಳಬೇಕಾಯಿತು. ಹಳಿಯಾಳದಲ್ಲಿ ರಸ್ತೆಬದಿ ಆಡುತ್ತಿದ್ದ ಮಕ್ಕಳು ಬಸ್ಸು ಕಂಡು ಕೈ ಬೀಸಿ ಕೂಗಿದರು. ಒಳಗಿನಿಂದ ಯಾರೂ ಕೈ ಬೀಸಲಿಲ್ಲ.

ತಾರಿಹಾಳ ಮುಟ್ಟಿದಾಗ ನಾಲ್ಕೂವರೆ. ಒಂದು ಲಾರಿ ಹೊರಟುಹೋಗಿತ್ತು. ಇನ್ನೊಂದು ಅರ್ಧ ತುಂಬಿ ಒಳಗೆ ನಿಂತಿತ್ತು. ಕಾರ್ಖಾನೆಗೆ ಇದ್ದುದು ಒಂದೇ ಗೇಟು.

"ಕಾಕಾ, ಬಸ್ ಇಲ್ಲೇ ಅಡ್ಡ ಹಚ್ಚಿ ಬಿಡ್ರಿ," ಎಂದಳು ಆರ್ಜೂ.

ಹುಲಗಪ್ಪ ಪ್ರಭಾವತಿಯ ಕಡೆ ನೋಡಿದ. ಅವಳು ಔಷಧದ ಡಬ್ಬಿ ಎತ್ತಿಕೊಂಡು ಕೆಳಗಿಳಿದಳು. "ಏಳು ಗಂಟೆತನಾ ಬಸ್ ನಿಮ್ಮದರಿ. ನೀವು ಎಲ್ಲಿ ಅಂದ್ರ ಅಲ್ಲಿ," ಎಂದು ಅವನು ಗೇಟಿಗೆ ಅಡ್ಡಲಾಗಿ ನಿಲ್ಲಿಸಿ ಕೀಲಿ ಕಿಸೆಯಲ್ಲಿ ಹಾಕಿಕೊಂಡ.

ಅರ್ಧ ತಾಸಿನಲ್ಲಿ ರೋಹಿತ ಬಂದ. ಹೆಂಗಸರು ಬಸ್ಸಿಗೆ ಬೆನ್ನು ಹಚ್ಚಿ ಸಾಲಾಗಿ ನಿಂತಿದ್ದರು.

"ನಮ್ಮನ್ನ ಊರು ಬಿಡಿಸಿ ಕುಣ್ಯಾಕ ಕಳಸಿ, ಹಿಂದ ಇದನ್ನ ಮಾಡಾಕತ್ತಿದ್ರೇನ್ರಿ?" ಎಂದಳು ಆರ್ಜೂ.

ರೋಹಿತ ಪ್ರಭಾವತಿಯ ಕಡೆ ತಿರುಗಿದ. "ಅಕ್ಕಾರ, ನೀವು ಮುಂಜಾನೆ ಆತು ಅಂದಿದ್ರಿ. ಈಗ ಹಿಂಗ ಮಾಡಿದ್ರ ಹೆಂಗ್ರಿ?"

ಎಲ್ಲರೂ ಅವಳತ್ತ ನೋಡಿದರು. ಪ್ರಭಾವತಿಗೆ ಆ ನೋಟಗಳು ಎಲ್ಲೋ ದೂರದಲ್ಲಿ ಬೇರೆ ಯಾರ ಮೇಲೋ ಬೀಳುತ್ತಿವೆ ಎನ್ನಿಸಿತು.

"ಹೌದು, ಅಂದಿದ್ದೆ," ಎಂದಳು. "ಈಗ ಇಲ್ಲ ಅಂತೇನಿ. ಲಾರಿ ಖಾಲಿ ಮಾಡಸ್ರಿ."

ಜಗಳ ಬಹಳ ಹೊತ್ತು ನಡೆಯಿತು. ಅಕ್ಕಪಕ್ಕದ ವರ್ಕ್‌ಶಾಪುಗಳಿಂದ ಜನ ಬಂದು ಸೇರಿದರು. ಕೊನೆಗೆ ಲಾರಿಯವನೇ ಬೇಸತ್ತು, ತನಗೆ ರಾತ್ರಿ ಬೇರೆ ಬಾಡಿಗೆ ಇದೆ, ಮಾಲು ಇಳಿಸಿಕೊಳ್ಳಿ ಎಂದ. ಏಳಕ್ಕೆ ಹತ್ತು ನಿಮಿಷ ಇರುವಾಗ ಕೊನೆಯ ಮಷಿನ್ ಇಳಿಯಿತು. ಹುಲಗಪ್ಪ ಬಸ್ಸು ತೆಗೆದ. ಅವನಿಗೆ ಎಂಟು ಗಂಟೆಗೆ ಒಂದು ಹುಟ್ಟುಹಬ್ಬದ ಬಾಡಿಗೆಯಿತ್ತು.

ಕಾರ್ಖಾನೆ ಉಳಿಯಲಿಲ್ಲ. ಆದರೆ ಈ ಸಲ ಮೂರು ತಿಂಗಳ ನೋಟಿಸು ಕೊಟ್ಟು, ಕಾರ್ಮಿಕ ಇಲಾಖೆಯವರ ಎದುರು ಸಹಿ ಮಾಡಿಸಿ, ಎಲ್ಲ ಕ್ರಮಪ್ರಕಾರ ಮುಚ್ಚಿದರು. ಉಳಿದ ಮಷಿನ್‌ಗಳ ಮೇಲೆ ಆ ಮೂರು ತಿಂಗಳು ಕೆಲಸ ನಡೆಯಿತು. ಯಾರೂ ಪ್ರಭಾವತಿಗೆ ಕೆಟ್ಟ ಮಾತು ಆಡಲಿಲ್ಲ. ಗುಲ್ಜಾರಬಿ ಮಾತ್ರ ಊಟದ ಹೊತ್ತಿಗೆ ಬೇರೆ ಕಡೆ ಕೂರುತ್ತಿದ್ದಳು. ಪ್ರಭಾವತಿ ಡಬ್ಬಿ ಬಿಚ್ಚಿ ಒಬ್ಬಳೇ ಉಂಡು ಕೈ ತೊಳೆಯುತ್ತಿದ್ದಳು. ಅದಕ್ಕೂ ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ.

ಕಾರ್ಖಾನೆ ಮುಚ್ಚಿದ ಮರುವಾರ ಗುಲ್ಜಾರಬಿ ಕೇಶ್ವಾಪುರದ ಮನೆಗೆ ಬಂದಳು. ಅಕ್ಕ ಚಹಾ ಮಾಡಲು ಒಳಗೆ ಹೋದಳು.

"ನೀ ಮಾಲೀಕರಿಗೆ ಆತು ಅಂದಿ, ಅದಕ್ಕ ನನಗ ಸಿಟ್ಟಿಲ್ಲ," ಎಂದಳು ಗುಲ್ಜಾರಬಿ. "ಇಪ್ಪತ್ತೈದು ವರ್ಷ ಎಲ್ಲಾರೂ ಅದನ್ನ ಅಂದೇವಿ. ಆದ್ರ ನಾ ಕುಣದೆ, ಪ್ರಭಾ. ನನ್ನ ಮದಿವ್ಯಾಗ ಸೈತ ಕುಣದಾಕಿ ಅಲ್ಲ. ನೀ ಎಲ್ಲಾ ಗೊತ್ತಿದ್ದು ಕುಂತು ನೋಡಿದಿ."

"ನಾನೂ ಕುಣದೆ."

"ನೀ ಕುಣೀಲಿಲ್ಲ. ನಿನ್ನ ಕೈ ನನ್ನ ಕೈಯಾಗಿತ್ತು, ನನಗ ಗೊತ್ತಿಲ್ಲೇನು?"

ಪ್ರಭಾವತಿಯ ಎದೆಯಲ್ಲಿ ಏನೋ ಒಂದು ನೋಯತೊಡಗಿತು. ಎಷ್ಟೋ ದಿನದ ಮೇಲೆ ಬಂದ ನೋವು. ಅದು ಹೋಗಲಿ ಎಂದು ಅವಳು ಬಯಸಲಿಲ್ಲ.

"ತಪ್ಪಾತು," ಎಂದಳು.

ಅಕ್ಕ ತಂದ ಚಹಾವನ್ನು ಗುಲ್ಜಾರಬಿ ಕುಡಿದು, ಗೋಕುಲ ರಸ್ತೆಯಲ್ಲಿ ಮೋಟರ್ ರಿಪೇರಿ ಅಂಗಡಿಯೊಂದರಲ್ಲಿ ಇಬ್ಬರು ಹೆಂಗಸರು ಬೇಕಂತೆ, ನಾಳೆ ಹನ್ನೊಂದಕ್ಕೆ ಕೇಳಲು ಹೋಗುತ್ತೇನೆ ಎಂದಳು. ಬಾ ಎಂದು ಕರೆಯಲಿಲ್ಲ. ಆದರೆ ಹೊಸ್ತಿಲು ದಾಟುವಾಗ ಅಂಗಡಿ ಎಲ್ಲಿದೆ ಎಂದು ಎರಡು ಸಲ ಹೇಳಿ ಹೋದಳು.