ಬೇಲಿಯ ಬಳಿ ಹೊರಟ ಕೂಗು

ಹೊಲ ಕೊಂಡ ವರ್ಷ ನಾವು ರೈತರಾದೆವು. ಗೋಮಾಳದಲ್ಲಿ ಕುರಿ ಮೇಯಿಸಬಾರದೆಂಬ ಜಗಳ ಶುರುವಾದ ಮೇಲೆ ‘ಊರಿನವರು’ ಕೂಡ ಆದೆವು. ಕುರಿ ಕಾಯುವುದನ್ನು ಬಿಡದ ಭಾವನವರು ಮಾತ್ರ ‘ಹೊರಗಿನವರು’ ಆಗಿಬಿಟ್ಟರು. ನನ್ನ ಗಂಡ, ಭಾವ ಇಬ್ಬರೂ ಒಂದೇ ತಾಯಿಯ ಮಕ್ಕಳು. ರೈತರ ಸಂಘದಲ್ಲಿ ಇವರು ಆ ಮಾತು ಎತ್ತುತ್ತಿರಲಿಲ್ಲ, ಉಳಿದವರು ಮರೆಯುತ್ತಿರಲಿಲ್ಲ.

ಗೋಮಾಳಕ್ಕೆ ಹೋಗುವ ದಾರಿ ನಮ್ಮ ಮನೆಯ ಹಿಂದಿನ ಜೋಳದ ಹೊಲದ ಪಕ್ಕದಲ್ಲೇ. ಭಾವನ ಹಿಂಡು ಬರುತ್ತದೆಂದು ಸುದ್ದಿ ತಿಳಿದು, ಬೆಳಿಗ್ಗೆಯೇ ಸಂಘದವರು ದೊಣ್ಣೆ ಹಿಡಿದು ನಮ್ಮ ಬೇಲಿಯ ಬಳಿ ಸೇರಿದರು.

“ಇವತ್ತು ಗೊತ್ತಾಗುತ್ತೆ, ನೀನು ಯಾರ ಕಡೆಯವನು ಅಂತ,” ಅಂದ ಸಂಘದ ಮುಂದಾಳು, ಅಂಗಡಿಯವನು.

“ಗೊತ್ತಾಗೋದೇನು ಬಂತು? ನಾನು ರೈತ,” ಅಂದರು ಇವರು. ಆದರೆ ದೊಣ್ಣೆಯ ತುದಿಯನ್ನು ಕಂಕುಳಿಗೆ ಕೊಟ್ಟು, ಒಂಟಿ ಕಾಲಿನ ಮೇಲೆ ಭಾರ ಹಾಕಿ, ಥೇಟ್ ಕುರಿ ಕಾಯುವವರ ಹಾಗೆ ನಿಂತಿದ್ದರು. ಯಾರಾದರೂ ಗಮನಿಸಿದರೇ ಎಂದು ಸುತ್ತ ನೋಡಿದೆ.

ನನಗೆ ಬೇಕಿದ್ದದ್ದು ಒಂದೇ: ಅಣ್ಣತಮ್ಮಂದಿರು ಕೈ ಕೈ ಮಿಲಾಯಿಸಬಾರದು.

ಹಿಂಡು ಬಂತು. ಗುಂಪು ಕಂಡು ಬೆದರಿದ ಕುರಿಗಳು ಬೇಲಿಯ ಸಂದಿಯಲ್ಲಿ ನುಗ್ಗಿ ಜೋಳದೊಳಗೆ ಹೊಕ್ಕವು. ಭಾವ ಹಿಂದೆಲ್ಲೋ ಧೂಳಿನಲ್ಲಿದ್ದರು.

“ಹೊಡೀರಿ!” ಅಂಗಡಿಯವನು ಅರಚಿದ.

ಆಗ ಇವರ ಗಂಟಲಿನಿಂದ ಹೊರಟಿತು: “ಹುರ್ರ್ರ್ಯೋ... ಹೋಯ್, ಹೋಯ್!” ಮಾವನವರು ಇಬ್ಬರು ಮಕ್ಕಳಿಗೂ ಕಲಿಸಿದ್ದ ಕೂಗು. ಮದುವೆಯಾದಾಗಿನಿಂದ ಇವರ ಬಾಯಲ್ಲಿ ನಾನು ಕೇಳಿರಲಿಲ್ಲ. ಕುರಿಗಳು ತಲೆಯೆತ್ತಿದವು, ಬಂದ ಸಂದಿಯಲ್ಲೇ ಹೊರಬಂದು ಇವರ ಕಾಲ ಸುತ್ತ ನೆರೆದವು.

ಎತ್ತಿದ ದೊಣ್ಣೆಗಳು ಎತ್ತಿದ ಹಾಗೇ ನಿಂತವು. ಪಕ್ಕದ ಹೊಲದ ಮುದುಕರೊಬ್ಬರು ಮೊದಲು ನಕ್ಕರು.

“ಭಲೆ ರೈತ! ಹೋದ ವರ್ಷ ನನ್ನ ಕಡಲೆಗೆ ಕುರಿ ನುಗ್ಗಿದಾಗ ಈ ಗಂಟಲು ಎಲ್ಲಿಟ್ಟಿದ್ದೆಯಪ್ಪಾ?”

“ಇದು ನಗೋ ವಿಷಯವಾ?” ಅಂಗಡಿಯವನು ಸಿಡುಕಿದ.

“ನೀನು ಸುಮ್ನಿರು ಮಾರಾಯ. ನಿನ್ನ ಅಂಗಡಿ ನಿಂತಿರೋದು ಎಲ್ಲಿ? ನಿಮ್ಮಜ್ಜಿಯ ಕುರಿದೊಡ್ಡಿ ಇದ್ದ ಜಾಗದಲ್ಲೇ ಅಲ್ವಾ?”

ಈಗ ಎಲ್ಲರೂ ನಕ್ಕರು. ಗೋಮಾಳದ ಮಾತು ಇನ್ನೊಂದು ಸಭೆಯಲ್ಲಿ ಆಡೋಣ ಎನ್ನುತ್ತಾ ಒಬ್ಬೊಬ್ಬರೇ ಜಾರಿಕೊಂಡರು.

ಭಾವ ಏದುಸಿರು ಬಿಡುತ್ತಾ ಬಂದರು. “ಮರೆತಿಲ್ಲ ಕಣೋ ನೀನು. ಆದ್ರೆ ಕೂಗು ಎಳೆದಿದ್ದು ಜಾಸ್ತಿ ಆಯ್ತು. ಅಪ್ಪ ಇದ್ದಿದ್ರೆ ಬೈತಿದ್ರು.”

“ಬೈಯೋದು ಆಮೇಲೆ. ಮೊದಲು ಬೇಲಿ ಕಟ್ಟೋಕೆ ಕೈ ಹಚ್ಚು, ಅಣ್ಣ.”

ಇಬ್ಬರೂ ಮುಳ್ಳು ಎಳೆದು ತರುತ್ತಾ, ಗಂಟು ಹೇಗೆ ಹಾಕಬೇಕೆಂದು ಕಿತ್ತಾಡತೊಡಗಿದರು. ಅಡುಗೆಮನೆಯಿಂದ ಹಾಲು ಸೀದ ವಾಸನೆ ಬಂತು. ಸೀಯಲಿ ಎಂದುಕೊಂಡು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತೆ.