ಊಟದ ಕೋಣೆಯ ಸಾಕ್ಷಿ

ಈ ಭೂಮಿಯ ಮೇಲೆ ಓಡಾಡುವ ಅರ್ಧ ಜನರ ಪ್ಯಾಂಟುಗಳಿಗೆ ನಾನೊಬ್ಬನೇ, ಒಂದೇ ಮಧ್ಯಾಹ್ನದಲ್ಲಿ ಇಸ್ತ್ರಿ ಹಾಕಿ ಮುಗಿಸಿದ್ದೇನೆ. ಸಂಜೆಯ ಹೊತ್ತಿಗೆ ಇಸ್ತ್ರಿಪೆಟ್ಟಿಗೆ ಸವೆದು ಚಮಚದಷ್ಟಾಗಿತ್ತು. ನಂಬದವರು ತಮ್ಮ ಪ್ಯಾಂಟನ್ನೇ ಕೇಳಿ ನೋಡಬಹುದು. ನನ್ನ ಗುರುತು ಹೇಳದಿದ್ದರೆ ಅದು ನಕಲಿ ಮಾಲು.

ಕಾರ್ಖಾನೆಯಲ್ಲಿ ನನಗೆ ರೇಡಿಯೋ ಎಂದು ಹೆಸರು. ಕಿವಿ ಹಿಂಡಿದರೂ ನಿಲ್ಲುವುದಿಲ್ಲ ಎಂಬ ಕಾರಣಕ್ಕೆ. ನಾನು ಮೇಲಿನ ಮಹಡಿಯ ಇಸ್ತ್ರಿ ವಿಭಾಗದವನು. ನನ್ನ ಅಣ್ಣ ಕೆಳಗೆ, ಮರಳು ಕೋಣೆಯಲ್ಲಿ. ಹೊಚ್ಚ ಹೊಸ ಜೀನ್ಸ್ ಪ್ಯಾಂಟು ಹಳತಾಗಿ ಕಾಣದಿದ್ದರೆ ಕೊಳ್ಳುವವರಿಗೆ ಸಮಾಧಾನವಿಲ್ಲ. ತೊಡೆಯ ಮೇಲೆ, ಮೊಣಕಾಲಿನ ಮೇಲೆ ಬಣ್ಣ ಮಾಸಿರಬೇಕು. ಹತ್ತು ವರ್ಷ ತೊಟ್ಟು ಮಾಸಬೇಕಾದ ಬಣ್ಣವನ್ನು ಅಣ್ಣ ಎರಡು ನಿಮಿಷದಲ್ಲಿ ಮಾಸಿಸುತ್ತಿದ್ದ. ಪ್ಯಾಂಟನ್ನು ಹಲಗೆಯ ಮೇಲೆ ಹರಡಿ, ದಪ್ಪ ಪೈಪು ಹಿಡಿದು, ಗಾಳಿಯ ಒತ್ತಡದಲ್ಲಿ ಅದರ ಮೇಲೆ ಮರಳು ಹೊಡೆಯುವುದು. ಕೋಣೆಗೆ ಕಿಟಕಿಯಿಲ್ಲ. ಮೂಗಿಗೊಂದು ಕರವಸ್ತ್ರ, ಅಷ್ಟೇ. ಮಧ್ಯಾಹ್ನ ಅಲ್ಲಿಂದ ಹೊರಬಂದವರ ಹುಬ್ಬು, ರೆಪ್ಪೆ, ಕಿವಿಯೊಳಗಿನ ಕೂದಲು ಎಲ್ಲವೂ ಬೆಳ್ಳಗೆ. ನಾವು ಅವರಿಗೆ ಹಿಟ್ಟಿನವರು ಎಂದು ಹೆಸರಿಟ್ಟಿದ್ದೆವು.

"ಏನಣ್ಣಾ, ಇವತ್ತು ಎಷ್ಟು ಸೇರು ಬೀಸಿದೆ?" ಎಂದು ನಾನು ಕೇಳಿದರೆ ಅಣ್ಣ ತಲೆ ಕೊಡವಿ ನನ್ನ ಬುತ್ತಿಯ ಮೇಲೆಲ್ಲ ಬಿಳಿ ಧೂಳು ಉದುರಿಸುತ್ತಿದ್ದ. ಕಾರ್ಖಾನೆಯ ಓಣಿಯ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಅದನ್ನೇ ತಿಂದು ನಗುತ್ತಿದ್ದೆವು.

ನಮ್ಮ ಮಾಲನ್ನೆಲ್ಲ ಕೊಳ್ಳುತ್ತಿದ್ದುದು ಸಮುದ್ರದಾಚೆಯ ಒಂದು ದೊಡ್ಡ ಕಂಪನಿ. ಮರಳು ಹೊಡೆದ ಬಟ್ಟೆ ನಮಗೆ ಬೇಡವೇ ಬೇಡ ಎಂದು ಅದು ಲೋಕಕ್ಕೆಲ್ಲ ಸಾರಿತ್ತು. ಆ ಮಾತಿನಂತೆ ನಡೆಯುತ್ತಿದೆಯೇ ಎಂದು ನೋಡಲು ವರ್ಷಕ್ಕೊಮ್ಮೆ ತಪಾಸಣೆ. ಆ ದಿನ ನಮ್ಮ ಮರಳು ಕೋಣೆ ಊಟದ ಕೋಣೆಯಾಗುತ್ತಿತ್ತು. ಬೆಳಗ್ಗೆಯೇ ಪೈಪುಗಳು ಅಟ್ಟಕ್ಕೆ, ಹಿಟ್ಟಿನವರು ಮನೆಗೆ. ನೆಲ ತೊಳೆದು, ಮೇಜು ಬೆಂಚು ಹಾಕಿ, ಹೂವಿನ ಚಿತ್ರದ ಬಟ್ಟೆ ಹಾಸಿ, ಗೋಡೆಗೆ 'ಕೈ ತೊಳೆದು ಊಟಕ್ಕೆ ಕೂರಿ' ಎಂಬ ಹಲಗೆ ತೂಗುಹಾಕುತ್ತಿದ್ದರು. ಇಸ್ತ್ರಿಯವರನ್ನು ಕೆಳಗಿಳಿಸಿ ಬೆಂಚಿನ ಮೇಲೆ ಕೂರಿಸಿ ಬಿಸಿಯೂಟ ಬಡಿಸುತ್ತಿದ್ದರು. ಆ ಕಾರ್ಖಾನೆಯಲ್ಲಿ ನಾವು ಬೆನ್ನು ನೆಟ್ಟಗೆ ಮಾಡಿ ಕೂತು ಉಂಡದ್ದು ವರ್ಷದಲ್ಲಿ ಅದೊಂದು ದಿನ. ಬಂದವರು ಕೆಲಸಗಾರರನ್ನು ಮಾತಾಡಿಸಬೇಕೆಂದರೆ ಮ್ಯಾನೇಜರು ಮುಂದಕ್ಕೆ ತಳ್ಳುತ್ತಿದ್ದುದು ನನ್ನನ್ನೇ. ಅಷ್ಟು ಜನರಲ್ಲಿ ನನ್ನೊಬ್ಬನನ್ನೇ!

ಈಗ ಅಣ್ಣ ಮೂರು ಮೆಟ್ಟಿಲು ಹತ್ತಲಾರ. ಮಂಚದ ಪಕ್ಕದಲ್ಲಿ ಆಕ್ಸಿಜನ್ ಸಿಲಿಂಡರು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಶ್ವಾಸಕೋಶದ ಒಳಗೆಲ್ಲ ಮರಳು ಕೂತು ಕಲ್ಲಾಗಿದೆ ಎಂದರು. ಇದನ್ನು ನಾನು ಉಬ್ಬಿಸಿ ಹೇಳುತ್ತಿಲ್ಲ. ಹಿಟ್ಟಿನವರಲ್ಲಿ ನಾಲ್ವರು ಆಗಲೇ ತೀರಿಕೊಂಡಿದ್ದಾರೆ. ಕಾರ್ಖಾನೆಗೆ ಬೀಗ ಬಿದ್ದಿದೆ, ಮಾಲೀಕನೂ ಮ್ಯಾನೇಜರೂ ಯಾವ ಬಿಲ ಹೊಕ್ಕರೋ ಗೊತ್ತಿಲ್ಲ. ಕೇಳುವುದಾದರೆ ಇನ್ನು ಸಮುದ್ರದಾಚೆಯ ಕಂಪನಿಯನ್ನೇ ಕೇಳಬೇಕು. ಉಳಿದ ಹಿಟ್ಟಿನವರೆಲ್ಲ ಸೇರಿ ಕೇಸು ಹಾಕಿದರು. ಅದನ್ನು ಹಿಡಿದ ವಕೀಲೆ ಒಂದು ದಿನ ನಮ್ಮ ಮನೆಗೂ ಬಂದರು.

"ಅಲ್ಲಿನ ಕೋರ್ಟು ಕೇಸು ತಗೊಂಡಿದೆ," ಎಂದರು. "ಆದ್ರೆ ಕಂಪನಿಯವರದು ಒಂದೇ ಹಾಡು. ನಮಗೆ ಗೊತ್ತೇ ಇರ್ಲಿಲ್ಲ, ಕಾರ್ಖಾನೆಯವ್ರು ನಮಗೂ ಟೋಪಿ ಹಾಕಿದ್ರು ಅಂತ. ಅವರಿಗೆ ಗೊತ್ತಿತ್ತು ಅಂತ ನಾವು ತೋರಿಸ್ಬೇಕು. ತೋರಿಸಿದ್ರೆ ನಿಮ್ಮಣ್ಣನ ಆಸ್ಪತ್ರೆ, ಔಷಧಿ, ಈ ಸಿಲಿಂಡರು ಎಲ್ಲಾ ಅವರ ಹೊಣೆ. ಇಲ್ಲಾಂದ್ರೆ ಇಲ್ಲ."

"ಇಷ್ಟೇನಾ ಮೇಡಂ?" ಎಂದು ನಾನು ಕುರ್ಚಿ ಎಳೆದುಕೊಂಡೆ. "ಬರ್ಕೊಳ್ಳಿ. ತಪಾಸಣೆಗೆ ಒಬ್ಬ ಬಂದಿದ್ದ, ಆರೂವರೆ ಅಡಿ. ಇಷ್ಟುದ್ದ ಮೀಸೆ. ಊಟದ ಕೋಣೆಗೆ ಬಂದವನೇ ನನ್ನ ಪಕ್ಕದಲ್ಲೇ ಕೂತ. ಮೊದಲನೇ ತುತ್ತಿಗೇ ಬಾಯಲ್ಲಿ ಕರ್ ಅಂತು. ಒಂದು ಹಿಡಿ ಮರಳು ತೆಗೆದು ಮೇಜಿನ ಮೇಲಿಟ್ಟ. ನನ್ನ ನೋಡಿ ಕಣ್ಣು ಹೊಡೆದ. 'ಊಟ ಚೆನ್ನಾಗಿದೆ, ಉಪ್ಪೊಂದು ಸ್ವಲ್ಪ ದಪ್ಪ' ಅಂದು ಎದ್ದು ಹೋದ!"

"ಒಂದು ಹಿಡೀನಾ?"

"ಚಮಚ ಅಂತ ಬರ್ಕೊಳ್ಳಿ. ಚಿಟಿಕೆಗಿಂತ ಕಮ್ಮಿಗೆ ಮಾತ್ರ ನಾನು ಒಪ್ಪಲ್ಲ."

ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಕೇಳಿದಳು: "ಏನಪ್ಪಾ ರೇಡಿಯೋ, ಇದ್ರಲ್ಲಿ ಹಾಲೆಷ್ಟು, ನೀರೆಷ್ಟು?"

"ಎಲ್ಲಾ ಗಟ್ಟಿ ಹಾಲು ಅತ್ತಿಗೆ."

"ಈ ಸಲ ನಗಿಸೋಕೆ ಹೇಳ್ಬೇಡ ಕಣಪ್ಪ. ಕೇಸು ಬಿದ್ದುಹೋದ್ರೆ ನಿಮ್ಮಣ್ಣನ್ನ ನಾನು ಯಾರ ಮನೆ ಬಾಗಿಲಿಗೆ ಕರ್ಕೊಂಡು ಹೋಗ್ಲಿ?"

"ಹೇಳ್ಲಿ ಬಿಡೇ," ಎಂದ ಅಣ್ಣ, ಮಂಚದಿಂದಲೇ. "ಅವನ ಬಾಯಿಗೆ ಈಗ್ಲಾದ್ರೂ ಒಂದು ಕೆಲಸ ಸಿಕ್ಕಿದೆ."

ಮುಂದಿನ ಮೂರು ವಾರ ನಮ್ಮ ಬೀದಿಯಲ್ಲಿ ನಾನೇ ಮಹಾರಾಜ. ಕ್ಷೌರದಂಗಡಿಯವನಿಗೆ ಹೇಳಿದಾಗ ತಪಾಸಣೆಯವನು ಏಳಡಿಗೆ ಬೆಳೆದಿದ್ದ. ಔಷಧದಂಗಡಿ ಮುಟ್ಟುವಷ್ಟರಲ್ಲಿ ಮರಳು ಒಂದು ಬಕೆಟ್ಟು ತುಂಬಿತ್ತು. ನನ್ನ ಸಾಕ್ಷಿಯ ಭಾರಕ್ಕೆ ಕೋರ್ಟಿನ ಚಾವಣಿ ಕುಸಿಯುತ್ತದೆಂದು ಜಂಬ ಕೊಚ್ಚಿಕೊಂಡೆ. ಹೀಗಿರುವಾಗ ವಕೀಲೆ ಮತ್ತೆ ಬಂದರು. ಕಂಕುಳಲ್ಲಿ ಕಡತವಿತ್ತು. ಕೊಟ್ಟ ಟೀ ಮುಟ್ಟಲಿಲ್ಲ.

"ಕಂಪನಿಯವ್ರು ತಪಾಸಣೆ ಕಾಗದಗಳನ್ನೆಲ್ಲ ಕೋರ್ಟಿಗೆ ಕೊಟ್ಟಿದ್ದಾರೆ," ಎಂದರು.

"ಕೊಡ್ಲೇಬೇಕಲ್ಲ! ನಾನು ಬಾಯಿ ಬಿಟ್ಟ ಮೇಲೆ!"

"ನಿಮ್ಮ ಕಾರ್ಖಾನೆಗೆ ಬರ್ತಿದ್ದದ್ದು ಒಬ್ಬರೇ. ಮೂರು ವರ್ಷವೂ ಅವರೇ. ಹೆಂಗಸು."

ನಾನು ಗಂಟಲು ಸರಿಮಾಡಿಕೊಂಡೆ. "ಅದು... ಬೆಳಕು ಕಮ್ಮಿ ಇತ್ತು ಮೇಡಂ."

"ಕತ್ತಲಲ್ಲಿ ಮೀಸೆ ಬೆಳೀತಾ?" ಎಂದಳು ಅತ್ತಿಗೆ.

ವಕೀಲೆ ನಗಲಿಲ್ಲ. ಒಂದು ಹಾಳೆ ತೆಗೆದು, ಅದನ್ನು ನಮ್ಮ ಭಾಷೆಗೆ ತಿರುಗಿಸುತ್ತ ನಿಧಾನವಾಗಿ ಓದಿದರು. "'ಇಸ್ತ್ರಿ ವಿಭಾಗದ ಒಬ್ಬ ಕೆಲಸಗಾರನನ್ನು ಕಾರ್ಖಾನೆಯಿಂದ ದೂರ, ನನ್ನ ಕಾರಿನಲ್ಲಿ ಕೂರಿಸಿ ಮಾತಾಡಿಸಿದೆ. ಬೇರೆ ಯಾರೂ ಇರಲಿಲ್ಲ. ಇಲ್ಲಿ ಮರಳಿನ ಕೆಲಸ ಎಂದೂ ನಡೆದಿಲ್ಲ ಎಂದ. ತನ್ನ ಅಣ್ಣನೂ ಇಲ್ಲೇ ಕೆಲಸಕ್ಕಿದ್ದಾನೆ ಎಂದ.'" ಅವರು ಮಂಚದ ಕಡೆ ಒಮ್ಮೆ ನೋಡಿದರು. "'ಅಣ್ಣ ಊಟದ ಕೋಣೆಯ ಅಡುಗೆಯವನಂತೆ. ಅವನ ಕೈರುಚಿಯನ್ನು ಬಹಳ ಹೊಗಳಿದ.'"

ಅಣ್ಣ ಮುಖದ ಮೇಲಿನ ಮಾಸ್ಕು ಸರಿಸಿದ. "ನಾನಾ? ಅಡುಗೆಯವ್ನಾ?" ನೀರು ಕಾಯಿಸಲು ಹೋಗಿ ಪಾತ್ರೆ ಸೀಯಿಸುವ ಮನುಷ್ಯ. ಅವನಿಗೆ ನಿಜವಾಗಿಯೂ ನಗು ಬಂತು. ನಗು ಹೋಗಿ ಕೆಮ್ಮಾಯಿತು, ಕೆಮ್ಮು ಹೋಗಿ ಬರೀ ಶಬ್ದವಾಯಿತು. ಅತ್ತಿಗೆ ಓಡಿಬಂದು ಮಾಸ್ಕು ಒತ್ತಿಹಿಡಿದು ಬೆನ್ನು ನೀವುತ್ತ ಕೂತಳು. ಅವಳ ಕಣ್ಣು ಮಾತ್ರ ನನ್ನ ಮೇಲೇ ಇತ್ತು.

ಅದು ತಗ್ಗುವವರೆಗೆ ವಕೀಲೆ ಕಾದರು. "ಕಂಪನಿ ಈಗ ಇದನ್ನೇ ಗುರಾಣಿ ಮಾಡ್ಕೊಂಡಿದೆ. ಹೆದರಿಕೆ ಇಲ್ಲದ ಜಾಗದಲ್ಲಿ ಕೇಳಿದ್ವಿ, ಮರಳಿನ ಕೆಲಸ ಇಲ್ಲ ಅಂತ ಕೆಲಸಗಾರನೇ ಅಂದ ಅಂತ. ಕೆಳಗಿರೋ ಸಹಿ ನಿಮ್ದೇನಾ?"

ಬಾಯಿಗೆ ಕಥೆಗಳ ದಂಡೇ ಬಂತು. ಮ್ಯಾನೇಜರು ನನ್ನ ಕುತ್ತಿಗೆಗೆ ಕತ್ತರಿ ಇಟ್ಟಿದ್ದ, ಕಾರಿನ ಕೆಳಗೆ ಅವನ ಕಡೆಯವನು ಅಡಗಿದ್ದ, ನನಗೆ ಚಳಿಜ್ವರ ಬಂದಿತ್ತು. ಒಂದೊಂದೂ ನನ್ನ ಆರೂವರೆ ಅಡಿಯವನಿಗಿಂತ ಚೆನ್ನಾಗಿತ್ತು.

"ನಂದೇ ಮೇಡಂ."

"ಹೆದರ್ಸಿದ್ರಾ?"

"ಇಲ್ಲ."

"ಏನಾದ್ರೂ ಆಸೆ ತೋರ್ಸಿದ್ರಾ?"

"ಅದೂ ಇಲ್ಲ. ಕಾರು ಗೇಟಿಂದ ಎರಡು ಬೀದಿ ಆಚೆ ನಿಂತಿತ್ತು. ಇದು ಮ್ಯಾನೇಜರ್ ಕಿವಿಗೆ ಹೋಗಲ್ಲ, ಮರಳು ಕೋಣೆ ಇದ್ರೆ ಹೇಳು, ನಿಲ್ಲಿಸೋಣ ಅಂದ್ರು ಆಯಮ್ಮ. ಒಂದಲ್ಲ, ಎರಡು ಸಲ ಕೇಳಿದ್ರು."

"ಮತ್ತೆ ಯಾಕೆ?"

"ಅವರು ನಂಬ್ತಿದ್ರು ಮೇಡಂ. ನಾನು ಬಾಯಿ ಬಿಟ್ರೆ ಎಲ್ರೂ ನಗ್ತಾರೆ. ಆಯಮ್ಮ ನಗ್ಲಿಲ್ಲ. ಊಟದ ಕೋಣೆ ಬಗ್ಗೆ ಹೇಳಿದ್ರೆ ಹೌದಾ ಅಂತ ಬರ್ಕೊಂಡ್ರು. ಅಣ್ಣನ ಅಡುಗೆ ಅಂದ್ರೆ ಅದನ್ನೂ ಬರ್ಕೊಂಡ್ರು. ನನ್ನ ಮಾತನ್ನ ಅಲ್ಲೀವರೆಗೆ ಯಾರೂ ಬರ್ಕೊಂಡಿರ್ಲಿಲ್ಲ. ಹಾಗಾಗಿ... ಮುಂದುವರಿಸ್ದೆ."

ವಕೀಲೆ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಹಾಗಾದ್ರೆ ಮರಳಿನ ವಿಷಯ ಕಂಪನಿಗೆ ಗೊತ್ತಿತ್ತು ಅನ್ನೋಕೆ ನಿಮ್ಮ ಹತ್ರ ಏನೂ ಇಲ್ಲ."

"ಏನೂ ಇಲ್ಲ. ಒಂದು ಪೆಟ್ಟಿಗೆ ವಾಪಸ್ ಬಂದಿತ್ತು, ಅಷ್ಟೇ."

"ಯಾವ ಪೆಟ್ಟಿಗೆ?"

"ಮರಳು ಬೇಡ ಅಂತ ಅವರು ಸಾರಿದ ಮೇಲೆ ಒಂದು ತಿಂಗಳು ಪೈಪು ಮುಟ್ಟಿರ್ಲಿಲ್ಲ ಮೇಡಂ. ಹಿಟ್ಟಿನವರು ಸ್ಯಾಂಡ್‌ಪೇಪರ್ ಹಿಡಿದು ಕೈಯಲ್ಲೇ ಉಜ್ಜುತ್ತಿದ್ರು. ಹಾಗೆ ಮಾಡಿದ ಒಂದು ಪೆಟ್ಟಿಗೆ ಕಂಪನಿಯಿಂದ ವಾಪಸ್ ಬಂತು. ಪ್ಯಾಂಟಿಗೆ ಚೀಟಿ ಚುಚ್ಚಿದ್ರು. 'ಬಣ್ಣ ಹೋದ ವರ್ಷದ ಹಾಗೆ ಬಂದಿಲ್ಲ, ಹಳೇ ರೀತೀಲೇ ಮಾಡಿ ಕಳಿಸಿ' ಅಂತ. ಮ್ಯಾನೇಜರೇ ಓದಿ ಹೇಳಿದ. ಮಾರನೇ ದಿನ ಪೈಪು ಕೆಳಗಿಳಿದ್ವು."

ವಕೀಲೆ ಕನ್ನಡಕ ಮತ್ತೆ ಹಾಕಿಕೊಂಡರು. "ಇದನ್ನ ಮೊದಲೇ ಯಾಕ್ರೀ ಹೇಳ್ಲಿಲ್ಲ?"

"ಇದ್ರಲ್ಲಿ ಹೇಳೋಕೆ ಏನಿದೆ? ಕೇಳಿದವ್ರಿಗೆ ನಗುನೂ ಬರಲ್ಲ, ಬೆರಗೂ ಆಗಲ್ಲ."

"ಚೀಟಿ ಎಲ್ಲಿದೆ?"

"ನಾನೇ ಕಿತ್ತು ಬಿಸಾಕ್ದೆ. ಇಸ್ತ್ರಿ ಹಾಕುವಾಗ ಗುಂಡುಸೂಜಿ ಚುಚ್ಚುತ್ತೆ."

ಅವರು ಬಹಳ ಹೊತ್ತು ಬರೆದುಕೊಂಡರು. "ಅವರ ಕಡೆ ಇದರ ನಕಲು ಇರ್ಬಹುದು, ಕೇಳಿ ನೋಡ್ತೀನಿ. ಆದ್ರೆ ಇದನ್ನ ಕೋರ್ಟಲ್ಲಿ ಹೇಳೋಕೆ ಮುಂಚೆ ನೀವು ಕಾರಿನ ವಿಷಯ ಹೇಳ್ಬೇಕಾಗುತ್ತೆ. ಆಗ್ಲೇ ಕೋರ್ಟಿಗೆ ಕೊಟ್ಟಿರೋ ಮೀಸೆಯವನ ಕಥೆ ಸುಳ್ಳು ಅಂತಾನೂ. ಅಷ್ಟೆಲ್ಲ ಕೇಳಿದ್ಮೇಲೆ ಪೆಟ್ಟಿಗೆ ಮಾತನ್ನ ನಂಬ್ತಾರೋ ಇಲ್ವೋ, ನಾನು ಹೇಳಲಾರೆ."

ಅತ್ತಿಗೆ ಮುಖ ಗೋಡೆಯ ಕಡೆ ತಿರುಗಿಸಿದಳು. ಅಣ್ಣ ಮಾಸ್ಕು ತುಸು ಮೇಲಕ್ಕೆತ್ತಿದ.

"ಲೋ, ಆಯಮ್ಮ ನಿನ್ನನ್ನ ಕಾರಲ್ಲಿ ಕೂರಿಸಿ ಕೇಳಿದ್ದು ಯಾವಾಗ?"

ತಾರೀಖು ಹಾಳೆಯ ಮೇಲಿತ್ತು. ವಕೀಲೆ ಅದರ ಮೇಲೆ ಅಂಗೈ ಇಟ್ಟು ನನ್ನನ್ನು ನೋಡಿದರು. ಮೂರನೇ ವರ್ಷ ಎಂದುಬಿಟ್ಟಿದ್ದರೆ ಸಾಕಿತ್ತು. ಅಣ್ಣ ಹಾಳೆ ಕಿತ್ತುಕೊಂಡು ನೋಡುವವನಲ್ಲ.

"ಮೊದಲನೇ ವರ್ಷವೇ ಅಣ್ಣ," ಎಂದೆ. "ಆಗಿನ್ನೂ ನಿಂಗೆ ಕೆಮ್ಮು ಶುರುವಾಗಿರ್ಲಿಲ್ಲ."